ಬೇಲಿಯೊಳಗಿನ ಬಿಡುಗಡೆ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂಬುದು ಪ್ರಾಣಿಶಾಸ್ತ್ರಜ್ಞರ ಮತ. ಆ ಹಳೆಯ ಒಡನಾಟದಲ್ಲಿ ನಾಯಿಗೆ ಕೂಲಿಯೂ ಇತ್ತು, ಕೆಲಸವೂ ಇತ್ತು. ಕುರಿಹಟ್ಟಿಯನ್ನು ಕಾಯುವುದು, ಬೇಟೆಗಾರನ ಮುಂದೆ ಓಡುವುದು, ಇರುಳಿನಲ್ಲಿ ಕಳ್ಳನ ಸುಳಿವನ್ನು ಬೊಗಳಿ ತಿಳಿಸುವುದು ಅದರ ವೃತ್ತಿಗಳಾಗಿದ್ದವು. ಓಟವು ಆ ವೃತ್ತಿಯೊಳಗೇ ಸೇರಿದ್ದಿತು. ಪಟ್ಟಣದ ಮನೆಗಳಲ್ಲಿ ಕೆಲಸವು ಹೋಗಿ ಕೂಲಿ ಮಾತ್ರ ಉಳಿದಿದೆ. ಅಲ್ಲಿಯ ನಾಯಿಗೆ ಅನ್ನವುಂಟು, ಹಾಸಿಗೆಯುಂಟು, ವೈದ್ಯನುಂಟು, ಓಡುವುದಕ್ಕೆ ನೆಲವಿಲ್ಲ. ಬೆಳಗ್ಗೆ ಒಂದು ಗಳಿಗೆ, ಸಂಜೆ ಒಂದು ಗಳಿಗೆ, ಕೊರಳ ಹಗ್ಗದ ಅಳತೆಯಷ್ಟು ಲೋಕವನ್ನು ಅದು ನೋಡಿ ಬರುವುದು. ಇಂಥ ನಾಯಿಯನ್ನು ಸ್ವಲ್ಪ ಹೊತ್ತಾದರೂ ಹಗ್ಗ ಕಳಚಿ ಬಿಡತಕ್ಕ, ಸುತ್ತಲೂ ಬೇಲಿಯಿರುವ ಅಂಗಳವನ್ನು ಊರು ಕಟ್ಟಿಕೊಡಬೇಕೆ ಎಂಬುದು ಮೇಲುನೋಟಕ್ಕೆ ವಿನೋದದ ಪ್ರಶ್ನೆಯಂತೆ ತೋರಬಹುದು. ಆದರೆ ಪರಾಧೀನವಾದ ಪ್ರಾಣಿಯ ಸುಖ, ನೆರೆಯವನ ನಿರ್ಭಯ, ಒಡೆಯನ ಹೊಣೆ ಇವೆಲ್ಲವೂ ಅದರಲ್ಲಿ ಹೆಣೆದುಕೊಂಡಿರುವುದರಿಂದ ಅದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆಯೇ ಸರಿ.

ಅಮೆರಿಕೆಯ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ, ನೆಲದೊಳಗಿನ ರೈಲುಮಾರ್ಗದ ಕೆಲಸಕ್ಕಾಗಿ ಬಯಲಾಗಿದ್ದ ಸ್ಥಳದ ಒಂದು ಭಾಗವನ್ನು 1979ರಲ್ಲಿ ಪ್ರಯೋಗರೂಪವಾಗಿ ನಾಯಿಗಳಿಗೆ ಬಿಟ್ಟುಕೊಟ್ಟರು. ಓಲೋನಿ ಎಂಬ ಹೆಸರಿನ ಆ ಅಂಗಳವನ್ನೇ ಆ ದೇಶದಲ್ಲಿ ಈ ಬಗೆಯ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುವರು. ಹೈದರಾಬಾದಿನ ನಗರಪಾಲಿಕೆಯು 2018ರಲ್ಲಿ ಕೊಂಡಾಪುರದಲ್ಲಿ ಸುಮಾರು 1.3 ಎಕರೆ ನೆಲವನ್ನು ಇದಕ್ಕಾಗಿಯೇ ಸಜ್ಜುಗೊಳಿಸಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ನಾಯಿಗಳಿಗೆಂದು ಒಂದು ಭಾಗವನ್ನು ಬೇರ್ಪಡಿಸಿದ್ದುಂಟು. ಇಂಥ ಅಂಗಳವನ್ನು ಸರಿಯಾಗಿ ಕಟ್ಟಿದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಬಾಗಿಲುಗಳಿರುವವು. ಮೊದಲನೆಯದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯತಕ್ಕದ್ದು. ಒಂದು ನಾಯಿ ಒಳಹೋಗುವಾಗ ಮತ್ತೊಂದು ಬೀದಿಗೆ ನುಸುಳದಿರುವ ಉಪಾಯವಿದು. ಚಿಕ್ಕ ನಾಯಿಗಳಿಗೂ ದೊಡ್ಡವಕ್ಕೂ ಬೇರೆ ಬೇರೆ ಆವರಣಗಳಿರುವುದೂ ಉಂಟು.

ಈ ಏರ್ಪಾಡಿನ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಬಲವಾದವುಗಳೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವನ್ನು ಭಾರತದ ಅಂಚೆ ಇಲಾಖೆಯು 2005ರಲ್ಲಿ ತನ್ನ ಚೀಟಿಯ ಮೇಲೆ ಅಚ್ಚು ಹಾಕಿಸಿತು. ನೀಳವಾದ ಕಾಲು, ಆಳವಾದ ಎದೆ, ಬಡವಾದ ನಡು: ಅದರ ಮೈಯೆಲ್ಲವೂ ಓಟಕ್ಕಾಗಿಯೇ ರೂಪುಗೊಂಡಿದೆ. ಅಂಥ ಪ್ರಾಣಿಯನ್ನು ತಂದು ಮೂರನೆಯ ಅಂತಸ್ತಿನ ಮನೆಯಲ್ಲಿ ಕಟ್ಟಿಹಾಕಿದರೆ ಆ ಕಾಲುಗಳಿಗೆ ಅರ್ಥವೇನು ಉಳಿಯಿತು? 1960ರ ಪ್ರಾಣಿಹಿಂಸಾ ನಿವಾರಣ ಕಾನೂನಿನ 11ನೆಯ ವಿಧಿಯು, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದನ್ನು ಕ್ರೌರ್ಯವೆಂದೇ ಎಣಿಸುತ್ತದೆ. ಓಡಿಸುವುದು ಒಡೆಯನ ಔದಾರ್ಯವಲ್ಲ, ಋಣ ಎಂಬ ನೀತಿಯು ಆ ಕಾನೂನಿನಲ್ಲಿ ಅಡಗಿದೆ. ಇನ್ನು ನಾಯಿಗೆ ಅಂಜುವವರ ಮಾತು. ಅವರ ಅಂಜಿಕೆಯನ್ನು ಹುಸಿಯೆಂದು ನಗುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ತೆರೆದ ಉದ್ಯಾನದಲ್ಲಿ ಹಗ್ಗವಿಲ್ಲದ ನಾಯಿಯೊಂದು ಓಡಿಬಂದಾಗ, “ಏನೂ ಮಾಡುವುದಿಲ್ಲ, ಅಂಜಬೇಡಿ” ಎಂದು ದೂರದಿಂದ ಕೂಗಿ ಹೇಳುವ ಒಡೆಯನ ಮಾತಿನಿಂದ ಮುದುಕನ ಎದೆಬಡಿತವು ಇಳಿಯುವುದಿಲ್ಲ. ಬೇಲಿಯು ಅಂಜುವವನಿಗೂ ಅಂಜಿಸುವುದಕ್ಕೂ ನಡುವೆ ನ್ಯಾಯವಾದ ಗಡಿಯನ್ನು ಹಾಕುತ್ತದೆ.

ಇದಕ್ಕೆ ಎದುರುಪಕ್ಷವೂ ಉಂಟು. ನಾಯಿಗಳನ್ನು ಒಂದೆಡೆ ಕೂಡಿಸಿದರೆ ಅವುಗಳ ರೋಗಗಳೂ ಕೂಡುವವು. ಮರಿಗಳ ಕರುಳನ್ನು ಹಾಳುಮಾಡುವ ಪಾರ್ವೊ ಎಂಬ ರೋಗದ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲುದು; ಲಸಿಕೆಗಳು ಮುಗಿಯದ ಮರಿಗೆ ಆ ಅಂಗಳವು ಆಟದ ಬಯಲಲ್ಲ, ಅಪಾಯದ ಸ್ಥಳ. ನೆಗಡಿಕೆಮ್ಮುಗಳೂ ಹೊಟ್ಟೆಯ ಹುಳುಗಳೂ ಹೀಗೆಯೇ ಹರಡುವವು. ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವು ನಾಯಿಯ ಮನಸ್ಸಿಗೆ ಸಂಬಂಧಪಟ್ಟುದು. ಎಲ್ಲ ನಾಯಿಗಳಿಗೂ ಗುಂಪು ಬೇಕೆಂಬುದು ಮನುಷ್ಯನ ಊಹೆ. ವಯಸ್ಸಾದ ನಾಯಿ, ಅಂಜುಬುರುಕ ನಾಯಿ, ಒಮ್ಮೆ ಕಚ್ಚಿಸಿಕೊಂಡ ನಾಯಿ ಅಪರಿಚಿತರ ಸಂತೆಯಲ್ಲಿ ಸುಖಪಡುವುದಿಲ್ಲ. ಬೀದಿಯಲ್ಲಾದರೆ ಒಡೆಯನೊಡನೆ ಪಕ್ಕಕ್ಕೆ ಸರಿದು ಹೋಗಬಹುದು; ಬೇಲಿಯೊಳಗೆ ಓಡಿ ತಪ್ಪಿಸಿಕೊಳ್ಳುವುದಕ್ಕೆ ಎಡೆಯಿಲ್ಲ. ಒಂದಕ್ಕೆ ಬಿಡುಗಡೆಯಾದ ಅಂಗಳವೇ ಮತ್ತೊಂದಕ್ಕೆ ಸೆರೆಯಾಗುವುದು.

ಮೂರನೆಯ ಆಕ್ಷೇಪವು ನೆಲದ್ದು. ಮಕ್ಕಳು ಚೆಂಡಾಡುವುದಕ್ಕೂ ಜಾಗವಿಲ್ಲದ ಪಟ್ಟಣದಲ್ಲಿ ಸಿರಿವಂತರ ನಾಯಿಗಳಿಗೆ ನೆಲವನ್ನು ಬೇಲಿ ಹಾಕಿ ಕೊಡಬಹುದೆ? ಬೇಲಿಯ ಹೊರಗೆ ಬೀದಿನಾಯಿಯೂ ನಿಂತಿದೆ. ಅದಕ್ಕೆ ಓಟವುಂಟು, ಅನ್ನದ ಭರವಸೆಯಿಲ್ಲ. ಒಳಗಿನದಕ್ಕೆ ಅನ್ನವುಂಟು, ಓಟಕ್ಕೆ ಹೊತ್ತು ಗೊತ್ತುಗಳುಂಟು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಆಜ್ಞಾಪಿಸಿತು. ಅದೇ ತಿಂಗಳ 22ರಂದು ಆ ಆಜ್ಞೆಯನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಬಿಟ್ಟು ಉಳಿದವಕ್ಕೆ ಸಂತಾನನಿರೋಧದ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ ಅವುಗಳ ಠಾವಿಗೇ ಮರಳಿ ಬಿಡಬೇಕೆಂದಿತು. ಒಂದು ಜಾತಿಯ ಪ್ರಾಣಿಗೆ ನಗರದಲ್ಲಿ ಎಷ್ಟು ನೆಲ ಸಲ್ಲಬೇಕೆಂಬ ಪ್ರಶ್ನೆಯು ಬಲ್ಲಿದರಿಗೂ ಬಗೆಹರಿಯದೆ ಇರುವಾಗ, ಸಾಕಿದ ನಾಯಿಗಳ ಅಂಗಳವೊಂದರಿಂದಲೇ ಊರು ತನ್ನ ಕರ್ತವ್ಯವು ತೀರಿತೆಂದು ತಿಳಿಯಲಾಗದು.

ಎರಡು ಪಕ್ಷಗಳನ್ನೂ ತೂಗಿ ನೋಡಿದರೆ ಒಂದು ಸಂಗತಿಯು ಹೊರಪಡುತ್ತದೆ. ರೋಗ, ಕಾದಾಟ, ಅಂಜಿಕೆ ಎಂಬ ದೋಷಗಳಲ್ಲಿ ಬಹುಪಾಲು ಬೇಲಿಯಿಂದ ಹುಟ್ಟಿದವಲ್ಲ. ಬೇಲಿಯುಂಟೆಂದು ಒಡೆಯನು ನಿಶ್ಚಿಂತನಾಗುವುದರಿಂದ ಹುಟ್ಟಿದವು. ಬೀದಿಯಲ್ಲಿ ಹಗ್ಗ ಹಿಡಿದಿರುವಾಗ ಅವನ ಕಣ್ಣು ನಾಯಿಯ ಮೇಲೆ ಇದ್ದೇ ಇರುವುದು. ಅಂಗಳದೊಳಗೆ ಹೋದೊಡನೆ ಹಗ್ಗವನ್ನು ಕಳಚಿ, ಅದರೊಡನೆ ತನ್ನ ಗಮನವನ್ನೂ ಕಳಚಿ, ಕಲ್ಲುಬೆಂಚಿನ ಮೇಲೆ ಕುಳಿತು ದೂರವಾಣಿಯನ್ನು ನೋಡತೊಡಗುವನು. ಮುಂಗಾಲುಗಳನ್ನು ಚಾಚಿ ಎದೆಯನ್ನು ತಗ್ಗಿಸಿ ಕರೆಯುವ ನಾಯಿ ಆಟಕ್ಕೆ ಕರೆಯುತ್ತದೆ. ಅಟ್ಟುವುದೂ ಅಟ್ಟಿಸಿಕೊಳ್ಳುವುದೂ ಸರದಿಯಂತೆ ನಡೆದರೆ ಅದು ಆಟವೇ. ಒಂದೇ ನಾಯಿ ಸದಾ ಅಟ್ಟಿಸಿಕೊಂಡು, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಂಡು ಮೂಲೆಗೆ ಸರಿದರೆ ಅದು ಹಿಂಸೆ. ಈ ಭೇದವನ್ನು ಬೇಲಿಯ ಕಂಬವು ಅರಿಯದು, ಒಡೆಯನು ಅರಿಯಬೇಕು.

ಮಹಾಪ್ರಸ್ಥಾನದಲ್ಲಿ ತನ್ನ ಬೆನ್ನುಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನು ಹೊಗಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ಅರಿಯದ ಮನೆಯಿಲ್ಲ. ಅದರ ತಿರುಳು ನಾಯಿಯ ಮೇಲಣ ಮೋಹವಲ್ಲ. ನಂಬಿದುದನ್ನು ಬಾಗಿಲಲ್ಲಿ ಇಳಿಸಿಬಿಡಬಾರದೆಂಬ ನಿಷ್ಠೆ. ನಾಯಿಗಳ ಅಂಗಳದ ಬಾಗಿಲಲ್ಲಿಯೂ ಇದೇ ಪರೀಕ್ಷೆಯು ಚಿಕ್ಕದಾಗಿ ನಡೆಯುವುದು. ಒಳಗಿನ ಗುಂಪನ್ನು ನೋಡಿ, ಇಂದು ತನ್ನ ನಾಯಿಗೆ ಇದು ಹಿತವಲ್ಲವೆಂದು ತಿಳಿದವನು ಹಿಂದಿರುಗಿ ಹೋಗುವ ಧೈರ್ಯವುಳ್ಳವನಾಗಿರಬೇಕು.

ಆದುದರಿಂದ ಊರು ಇಂಥ ಅಂಗಳವನ್ನು ಕಟ್ಟುವುದು ಉಚಿತವೇ. ಆದರೆ ಮಕ್ಕಳ ಬಯಲನ್ನು ಕಿತ್ತುಕೊಂಡಲ್ಲ, ಬೀದಿನಾಯಿಗಳ ಚಿಕಿತ್ಸೆಯ ಹಣವನ್ನು ಕಡಿಮೆಮಾಡಿಯೂ ಅಲ್ಲ. ಲಸಿಕೆಯ ಪತ್ರವನ್ನು ನೋಡದೆ ಒಳಗೆ ಬಿಡಬಾರದು. ಹೇಲನ್ನು ಒಡೆಯನೇ ಎತ್ತತಕ್ಕದ್ದು. ಬೆದೆಗೆ ಬಂದ ನಾಯಿಯನ್ನೂ ಎಳೆಯ ಮರಿಯನ್ನೂ ತರಬಾರದು. ಇವು ಪಾಲಿಕೆಯು ಹಲಗೆಯ ಮೇಲೆ ಬರೆಯಿಸಬಹುದಾದ ನಿಯಮಗಳು. ಹಲಗೆಯ ಮೇಲೆ ಬರೆಯಲಾಗದ ನಿಯಮವೊಂದು ಉಳಿಯುತ್ತದೆ: ಕೊರಳಿನ ಹಗ್ಗವನ್ನು ಬಿಚ್ಚಿದವನು ತನ್ನ ಕಣ್ಣನ್ನು ಅದರ ಸ್ಥಾನದಲ್ಲಿ ಇರಿಸಬೇಕು. ಆ ಕಣ್ಣಿಲ್ಲದ ಅಂಗಳಕ್ಕಿಂತ, ಹಗ್ಗ ಹಿಡಿದು ನಾಯಿಯ ಮೂಗು ಎಳೆದತ್ತ ಅವಸರವಿಲ್ಲದೆ ನಡೆಯುವ ಒಡೆಯನ ಜೊತೆಯೇ ಆ ಪ್ರಾಣಿಗೆ ಹೆಚ್ಚಿನ ಸುಖವನ್ನು ಕೊಡುವುದು.