ವಿಧವೆಯ ಮೊರೆ, ಹಟಮಾರಿಯ ದಾವೆ

ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ನ್ಯಾಯಾಧೀಶನ ಬಳಿಗೆ ಮತ್ತೆ ಮತ್ತೆ ಬರುತ್ತಾಳೆ. ಕಾಟ ತಾಳಲಾರದೆ ಅವನು ಆಕೆಗೆ ನ್ಯಾಯ ದೊರಕಿಸುತ್ತಾನೆ. ಹಾಗಾದರೆ ಪದೇ ಪದೇ ಕೋರ್ಟಿನ ಬಾಗಿಲು ಬಡಿಯುವವರೆಲ್ಲ ಆ ವಿಧವೆಯಂತೆಯೇ?

ಅಲ್ಲವೆಂದು ನಮಗೆ ಗೊತ್ತು. ಸೋತ ವ್ಯಾಜ್ಯವನ್ನೇ ರೂಪ ಬದಲಿಸಿ ಮತ್ತೆ ಹೂಡುವವರಿದ್ದಾರೆ. ಅವರಿಗೆ ಬೇಕಾದದ್ದು ತೀರ್ಪಲ್ಲ. ಎದುರಾಳಿ ವಾಯಿದೆಗಳಿಗೆ ಅಲೆದು, ವಕೀಲರ ಫೀಸು ಕಟ್ಟಿ, ಸೋತು ಸುಣ್ಣವಾಗಬೇಕು, ಅಷ್ಟೇ.

ಕಾನೂನಿನಲ್ಲಿ ಇದಕ್ಕೆ ಮದ್ದಿದೆ. ದಾವೆಗೆ ಕಾರಣವನ್ನೇ ತೋರಿಸದ ವಾದಪತ್ರವನ್ನು ಕೋರ್ಟು ಆರಂಭದಲ್ಲೇ ತಿರಸ್ಕರಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಂತೆ, ಸುಳ್ಳು ದಾವೆ ಹೂಡಿದವರಿಂದ ಪರಿಹಾರ ಕೊಡಿಸಬಹುದು. ಸಾಮಾನ್ಯ ದಾವೆಗಳಲ್ಲಿ ಅದು ಹೆಚ್ಚೆಂದರೆ 3,000 ರೂಪಾಯಿ. ನಮ್ಮ ತಮಿಳುನಾಡಿನಲ್ಲಿ 1949ರ ಕಾಯ್ದೆಯೊಂದೂ ಇದೆ: ಸಕಾರಣವಿಲ್ಲದೆ ದಾವೆ ಹೂಡುವುದನ್ನೇ ಚಾಳಿ ಮಾಡಿಕೊಂಡವರು ಮುಂದೆ ಅನುಮತಿ ಪಡೆದೇ ಹೂಡಬೇಕೆಂದು ಹೈಕೋರ್ಟು ಆದೇಶಿಸಬಹುದು.

ಆಗಲೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹಟಮಾರಿಗೆಂದು ಮುಚ್ಚಿದ ಬಾಗಿಲು ವಿಧವೆಗೂ ಮುಚ್ಚೀತು. ಎಷ್ಟು ಸಲ ಬಂದರೆಂಬುದು ಮುಖ್ಯವಲ್ಲ; ತಂದ ಮಾತು ನಿಜವೇ ಎಂಬುದೇ ಮುಖ್ಯ.

ಕೋರ್ಟು ಕಾಗದ ನೋಡುತ್ತದೆ, ಸಾಕ್ಷಿ ಕೇಳುತ್ತದೆ. ಮನಸ್ಸಿನ ಉದ್ದೇಶ ದೇವರಿಗೆ ಗೊತ್ತು, ನಮಗೂ ಗೊತ್ತು. ಆದ್ದರಿಂದ ಬೇಲಿಯ, ಪಾಲಿನ ಜಗಳ ಹಿಡಿದು ವಕೀಲರಲ್ಲಿಗೆ ಹೋಗುವ ಮುನ್ನ, ಪಾಪನಿವೇದನೆಗೆ ಮೊದಲು ಮಾಡುವಂತೆ, ಆತ್ಮಶೋಧನೆ ಮಾಡಿಕೊಳ್ಳೋಣ. ನಮಗೆ ಬೇಕಾದದ್ದು ನಮ್ಮ ಹಕ್ಕೋ, ಒಡಹುಟ್ಟಿದವನ ಸೋಲೋ? ಹಕ್ಕಾದರೆ ವಿಧವೆಯಂತೆ ಹಿಂಜರಿಯದೆ ಹೋಗೋಣ. ಸೋಲಾದರೆ, ಕೋರ್ಟಿಗೆ ಹೋಗುವ ದಾರಿಯಲ್ಲೇ ರಾಜಿಯಾಗಬೇಕೆಂದು ಯೇಸುಸ್ವಾಮಿ ಹೇಳಿದ್ದು ನಮಗೇ.