ತಪ್ಪಿಸಿಕೊಂಡ ಬಿಸಲು ಯಾರ ಪಾಲಿಗೆ?

ನಾನು ಕಲಿತದ್ದು ಏಳನೇ ಇಯತ್ತೆ. ವಾಚನಾಲಯದ ಮಾಸ್ತರು 'ಈ ಸಲದ ಪುಸ್ತಕಕ್ಕ ನೀವೂ ಒಂದು ವಿಚಾರ ಬರೀರಿ' ಅಂದಾಗ, ಬರೆಯೂದಕ್ಕಿಂತ ಹಾಡೂದು ನನಗ ಸರಳ ಅಂದೆ. ಅವರು ಬಿಡಲಿಲ್ಲ. ಹಂಗಾಗಿ ಗೀಗೀ ಮೇಳದಾಗ ಸವಾಲು ಹಾಕಿದಂಗ ಇಲ್ಲೂ ಒಂದು ಸವಾಲು ಇಡತೇನಿ. ಬ್ಯಾಸಗಿ ಪ್ರವಾಸ ಹೊಂಟವರು ಬಿಸಲು ತಪ್ಪಿಸಿಕೊಳ್ಳಾಕ ನೋಡತಾರ. ತಪ್ಪಿಸಿಕೊಂಡ ಆ ಬಿಸಲು ಎಲ್ಲಿ ಹೋಗತೈತಿ?

ಇದು ಸುಮ್ಮನ ಹುಟ್ಟಿದ ಸವಾಲಲ್ಲ. ನಮ್ಮ ಜತ್ತ ತಾಲೂಕಿನ ಮ್ಯಾಲ ಗುಹಾಗರ–ವಿಜಯಪುರ ಹೆದ್ದಾರಿ ಹಾದು ಹೋಗೈತಿ. ಒಂದು ತುದಿಗೆ ಸಮುದ್ರ, ಇನ್ನೊಂದು ತುದಿಗೆ ಗೋಳಗುಮ್ಮಟ. ನಡುವ ವಿಟಾ, ಕರಾಡ, ಪಾಟಣ, ಕುಂಭಾರ್ಲಿ ಘಾಟ, ಚಿಪಳೂಣ. ಸಾಲಿ ಸೂಟಿ ಬಿಟ್ಟರ ಸಾಕು, ಹುಡುಗರ ಕಣ್ಣು ಈ ದಾರಿ ಮ್ಯಾಲ. ಈ ವರ್ಷ ನಮ್ಮ ಓಣಿಯ ಮೂರು ಮನಿಯವರು ಕೂಡಿ ಹೊಂಟರು. ಮದಲ ಗುಹಾಗರಕ್ಕ ಹೋಗಿ ಎರಡು ದಿನ ಸಮುದ್ರ, ಆಮ್ಯಾಲ ತಿರುಗಿ ಬಂದು ವಿಜಯಪುರದಾಗ ಬೀಗರ ಮನಿ ಲಗ್ನ, ಅಲ್ಲಿಂದ ಸೊಲ್ಲಾಪುರಕ್ಕ ಹೋಗಿ ಚಾದರ ತರೂದು. ಒಂದು ಕ್ರೂಜರ್ ಗಾಡಿ, ಹನ್ನೆರಡು ಮಂದಿ, ಒಬ್ಬ ಡ್ರೈವರ. ವಾಚನಾಲಯದ ಕಟ್ಟಿ ಮ್ಯಾಲ ಕೂತು ಯಾವಾಗ ಹೊರಡಬೇಕು ಅಂತ ವಾದ ನಡೀತು. ನಾನೂ ಆ ಹನ್ನೆರಡರಾಗ ಒಬ್ಬ.

ಗೀಗೀ ಮೇಳದಾಗ ಹರದೇಶಿ ಅಂತ ಒಂದು ಪಕ್ಷ, ನಾಗೇಶಿ ಅಂತ ಒಂದು ಪಕ್ಷ. ಒಬ್ಬರು ಗಂಡು ಹೆಚ್ಚು ಅಂದರ ಇನ್ನೊಬ್ಬರು ಹೆಣ್ಣು ಹೆಚ್ಚು ಅಂತಾರ. ಇಡೀ ರಾತ್ರಿ ವಾದ ಮಾಡಿದರೂ ಎರಡೂ ಪಕ್ಷದ ಮಾತಿನಾಗ ಹುರುಳು ಇರತೈತಿ. ಕಟ್ಟಿ ಮ್ಯಾಲೂ ಹಂಗ ಆತು. ಒಂದು ಪಕ್ಷ ಹೇಳಿತು: 'ಹಗಲ ಹೋಗೋಣ, ದಾರಿ ಕಾಣತೈತಿ, ಘಾಟದ ಹಸಿರು ಮಕ್ಕಳು ನೋಡತಾವ.' ಇನ್ನೊಂದು ಪಕ್ಷ ಹೇಳಿತು: 'ಏಪ್ರಿಲ್–ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟತೈತಿ. ಗಾಡಿಯ ತಗಡು ಮುಟ್ಟಾಕ ಬರೂದಿಲ್ಲ. ಮಕ್ಕಳು, ಮುದುಕೇರು ಬಳಲತಾರ. ರಾತ್ರಿ ಹತ್ತಕ್ಕ ಹೊರಟರ ತಣ್ಣಗ ಮಲಕೊಂಡು ಹೋಗಿ, ಬೆಳಕ ಹರಿಯೂ ಹೊತ್ತಿಗೆ ಸಮುದ್ರ ನೋಡಬಹುದು.' ರಾತ್ರಿ ಪಕ್ಷಕ್ಕ ಕೈ ಜಾಸ್ತಿ ಬಿದ್ದವು. ಹನ್ನೆರಡು ಮಂದಿ ಲೆಕ್ಕ ಹಾಕಿದಾಗ ಅದು ಸರಿಯಾದ ಮಾತೇ. ಆದರ ಗಾಡಿಯಾಗ ಇರೂದು ಹದಿಮೂರು ಮಂದಿ.

ಡ್ರೈವರ ನಮ್ಮ ಊರ ಹುಡುಗನ. ಅಲ್ಲೇ ಮೂಲ್ಯಾಗ ಕುಂತಿದ್ದ, ಮಾತಾಡಿರಲಿಲ್ಲ. 'ತಮ್ಮಾ, ನಿನಗ ಹ್ಯಾಂಗ ಅನುಕೂಲ?' ಅಂತ ಕೇಳಿದೆ. 'ನೀವು ಹೇಳಿದಂಗ ಕಾಕಾ. ಮೂರು ದಿನದಿಂದ ತಾಸಗಾಂವಕ್ಕ ಒಣದ್ರಾಕ್ಷಿ ಲೋಡ್ ಒಯ್ಯಾಕತ್ತೇನಿ. ಅವತ್ತಿನ ದಿನಾನೂ ಒಂದು ಫೇರಿ ಐತಿ. ಸಂಜಿಗೆ ಬಂದು ಮಾರಿ ತೊಳಕೊಂಡು ಗಾಡಿ ಹಚ್ಚತೇನಿ' ಅಂದ. ನಾವು ತಣ್ಣಗ ಮಲಗಿ ಹೋಗೂ ರಾತ್ರಿ ಅಂದರ ಅವನ ಕಣ್ಣಿಗೆ ನಾಕನೇ ದಿನದ ನಿದ್ದಿ ಬಾಕಿ. ಬಿಸಲು ಹನ್ನೆರಡು ತಲೀಯಿಂದ ಇಳಿದು ಒಂದು ತಲೀ ಮ್ಯಾಲ ಕುಂತಿತು.

'ಹಿಂದಿನವರು ಬ್ಯಾಸಗಿಯಾಗ ರಾತ್ರಿನೇ ಬಂಡಿ ಕಟ್ಟತಿದ್ದರಲ್ಲ?' ಅಂತ ಒಬ್ಬರು ಕೇಳಿದರು. ಖರೇ ಐತಿ. ನಮ್ಮಪ್ಪನೂ ಜಾತ್ರಿಗೆ, ಸಂತಿಗೆ ಹಂಗ ಹೊರಡತಿದ್ದ. ಎತ್ತಿಗೆ ಬಿಸಲು ತಾಗಬಾರದು ಅಂತ ರಾತ್ರಿ ಪಯಣ, ಮಧ್ಯಾಹ್ನ ಗಿಡದ ನೆರಳಿಗೆ ಎತ್ತು ಬಿಟ್ಟು ನೀರು, ಕಣಿಕೆ. ಆದರ ಅಲ್ಲಿ ಒಂದು ಮಾತು ಮರೀಬಾರದು. ಬಂಡಿ ಹೊಡಿಯಾವನ ಕಣ್ಣು ಮುಚ್ಚಿದರೂ ಎತ್ತಿನ ಕಣ್ಣು ತೆರೆದಿರತಿತ್ತು. ಎತ್ತು ದಾರಿ ಬಿಡತಿದ್ದಿಲ್ಲ, ತಗ್ಗು ಕಂಡರ ನಿಂತು ಬಿಡತಿತ್ತು. ಇಂದಿನ ಗಾಡಿಗೆ ಲೈಟು ಐತಿ, ಕಣ್ಣಿಲ್ಲ. ಡ್ರೈವರನ ರೆಪ್ಪಿ ಎರಡು ಸೆಕೆಂಡ್ ಮುಚ್ಚಿದರ ಗಾಡಿ ಮೂವತ್ತು ನಾಲ್ವತ್ತು ಮೀಟರ್ ಹೋಗಿರತೈತಿ. ಹಿರಿಯರ ಪದ್ಧತಿ ಅಂತ ಹೊತ್ತನ್ನಷ್ಟೇ ತಗೊಂಡು ಎತ್ತನ್ನ ಬಿಟ್ಟರ ಅದು ಹಿರಿಯರ ಪದ್ಧತಿ ಆಗೂದಿಲ್ಲ. ಹೊಂದಿಸಿದವರ ನಡತಿಯೊಳಗಿನ ಕಾರಣ ಏನಿತ್ತು ಅಂತ ನೋಡಬೇಕು. ದುಡಿಯೂ ಜೀವಕ್ಕ ಮದಲ ವಿಶ್ರಾಂತಿ ಕೊಡೂದು ಆ ಕಾರಣ.

ರಾತ್ರಿ ಜಾಗರದ ವಿಷಯ ಹಾಡೂ ಮಂದಿಗೆ ಚಲೋ ಗೊತ್ತೈತಿ. ಹನ್ನೆರಡರ ತನಕ ಮೇಳಕ್ಕ ಹುಮ್ಮಸ್ಸು ಇರತೈತಿ. ಎರಡು ದಾಟಿದ ಮ್ಯಾಲ ಹಿಮ್ಮೇಳದವರ ಧ್ವನಿ ಇಳೀತೈತಿ, ದಪ್ಪಿನ ಪೆಟ್ಟು ತಾಳ ಬಿಟ್ಟು ಬೀಳತೈತಿ. ಚಹಾ ಕುಡಿದರ ಒಂದು ಪದದಷ್ಟು ಹೊತ್ತು ತಡೀತೈತಿ, ಮತ್ತ ಅದೇ. ಎರಡರಿಂದ ಐದರ ಹೊತ್ತಿನಾಗ ಮೈ ನಿದ್ದಿ ಬೇಡತೈತಿ ಅಂತ ಡಾಕ್ಟರರೂ ಹೇಳತಾರ. ಹಾಡಿನಾಗ ತಾಳ ತಪ್ಪಿದರ ಮಂದಿ ನಗತಾರ. ನಾವು ರಾತ್ರಿ ಹತ್ತಕ್ಕ ಹೊರಟಿದ್ದರ ಅದೇ ಹೊತ್ತಿಗೆ ಕುಂಭಾರ್ಲಿ ಘಾಟದ ತಿರುವಿನಾಗ ಇರತಿದ್ದೆವು.

ಇಲ್ಲಿ ಒಬ್ಬ ಮಾಸ್ತರು ಚಲೋ ಸವಾಲು ಹಾಕಿದರು. 'ಅವ ದುಡ್ಡು ತಗೋತಾನ, ಒಪ್ಪಿಕೊಂಡಾನ. ನೂರಾರು ಗಾಡಿ ರಾತ್ರಿ ಹೋಗಿ ಕ್ಷೇಮ ಮುಟ್ಟತಾವ. ಅಂದ ಮ್ಯಾಲ ಅನ್ಯಾಯ ಎಲ್ಲಿ ಬಂತು?' ಇದನ್ನ ತೇಲಿಸಿ ಬಿಡಬಾರದು, ಜವಾಬು ಕೊಡಬೇಕು. ಅವ ಒಪ್ಪಿಕೊಂಡದ್ದು ಖರೇ. ಆದರ ಗಾಡಿಯ ಹಪ್ತೆ ತಲೀ ಮ್ಯಾಲ ಇದ್ದವ 'ಆಗೂದಿಲ್ಲ' ಅಂದರ ನಾವು ಬ್ಯಾರೆ ಗಾಡಿ ಹೇಳತೇವಿ ಅಂತ ಅವಗ ಗೊತ್ತು. ಬ್ಯಾಡ ಅನ್ನೂ ಶಕ್ತಿ ಇಲ್ಲದವನ ಹೂಂ ಪೂರ್ತಿ ಹೂಂ ಅಲ್ಲ. ಕೂಲಿಗೆ ಬಂದ ಆಳನ್ನ ಮಟಮಟ ಮಧ್ಯಾಹ್ನ ಕಳೆ ತಗಿಯಾಕ ಕಳಿಸಿ 'ಪಗಾರ ಕೊಟ್ಟೇನಲ್ಲ' ಅನ್ನೂದೂ ಇದೇ ಜಾತಿ. ಇನ್ನ ಕ್ಷೇಮ ಮುಟ್ಟೂ ಮಾತು. ಹತ್ತಿಪ್ಪತ್ತು ಸಲ ಕ್ಷೇಮ ಮುಟ್ಟಿದ್ದು ಆ ಡ್ರೈವರನ ಮೈ ಗಟ್ಟಿ ಇದ್ದದ್ದಕ್ಕ, ನಮ್ಮ ಯೋಜನೆ ಸರಿ ಇದ್ದದ್ದಕ್ಕ ಅಲ್ಲ. ಇನ್ನೊಬ್ಬರ ಮೈಯನ್ನ ಅವರಿಗೆ ಹೇಳದ ಒತ್ತೆ ಇಟ್ಟು ಹೊಂಟಿದ್ದು, ಏನೂ ಆಗದ ತಿರುಗಿ ಬಂದರೂ ಒತ್ತೆ ಇಟ್ಟದ್ದೇ.

ಬಿಸಲು ಇಳಿಯೂದು ಡ್ರೈವರನ ಮ್ಯಾಲ ಅಷ್ಟೇ ಅಲ್ಲ. 'ಹಂಗಾದರ ನಸುಕಿನಾಗ ನಾಕಕ್ಕ ಹೊರಡೋಣ' ಅಂದ ಕೂಡಲೇ ಗಂಡಸರೆಲ್ಲ ತಲೀ ಹಾಕಿದರು. ಒಳಗಿನಿಂದ ನಮ್ಮ ಸೊಸಿ ಕೇಳಿದಳು: 'ಮಾವಾರ, ನಾಕಕ್ಕ ಹೊರಡಬೇಕಂದರ ಬುತ್ತಿಗೆ ನಾವು ಎಷ್ಟಕ್ಕ ಏಳಬೇಕು?' ಒಂದೂವರಿಗೆ ಎದ್ದು ಹದಿಮೂರು ಮಂದಿಗೆ ರೊಟ್ಟಿ ಬಡದು, ಮಕ್ಕಳನ್ನ ಎಬ್ಬಿಸಿ, ಕೊಡ ತುಂಬಿಸಿ, ಆಮ್ಯಾಲ ಗಾಡಿಯಾಗ ಕುಂತು ಮಕ್ಕಳನ್ನ ಹಿಡಕೊಳ್ಳೂದು. ಡ್ರೈವರನ ನಿದ್ದಿ ಉಳಿಸಿ ಹೆಣ್ಣುಮಕ್ಕಳ ನಿದ್ದಿ ತಿಂದರ ಲೆಕ್ಕ ಮತ್ತ ಅಲ್ಲಿಗೇ ಬಂತು.

ಮನಿಯಾಗ ಉಳಿಯೂವರ ಮಾತೂ ಇದರಾಗ ಐತಿ. ಮೇ ತಿಂಗಳು ಅಂದರ ನಮ್ಮ ಪೂರ್ವ ಭಾಗದ ಹಳ್ಳಿಗೆ ಟ್ಯಾಂಕರ್ ದಿನಮಾನ. ಟ್ಯಾಂಕರ್ ಬಂದಾಗ ನಮ್ಮ ಬ್ಯಾರಲ್ ತುಂಬೂವರು ಯಾರು? ಎಮ್ಮಿ, ಕುರಿಗೆ ನೀರು ತೋರಿಸೂವರು ಯಾರು? ನಡಿಯಾಕ ಬರದ ಮುದುಕಿಗೆ ಒಂದು ತುತ್ತು ಕೊಡೂವರು ಯಾರು? 'ನೆರೆಮನಿಯವರು ನೋಡಕೋತಾರ' ಅಂತ ಸರಳ ಅಂದು ಬಿಡತೇವಿ. ನೆರೆಮನಿಯಾಕಿ ತನ್ನ ಎರಡು ಕೊಡದ ಜೋಡಿ ನಮ್ಮ ಎರಡು ಕೊಡ ಹೊರತಾಳ. ನಾವು ಗುಹಾಗರದ ತೆಂಗಿನ ನೆರಳಿಗೆ ಕುಂತಾಗ ನಮ್ಮ ಪಾಲಿನ ಬಿಸಲು ಆಕಿ ನೆತ್ತಿ ಮ್ಯಾಲ ಇರತೈತಿ.

'ಹಿಂಗ ನೋಡಕೋತ ಹೋದರ ಯಾರೂ ಎಲ್ಲೂ ಹೋಗಬಾರದು ಅಂದಂಗಾತು' ಅಂತ ಹುಡುಗರು ಸಿಟ್ಟಾದರು. ನಾನು ಹಂಗ ಅನ್ನೂದಿಲ್ಲ. ನಮ್ಮ ಮನಿಯಾಕಿಗೆ ಅರವತ್ತರ ಹತ್ತಿರ ವಯಸ್ಸು. ಸಮುದ್ರ ಅಂದರ ಸಾಲಿ ಪುಸ್ತಕದ ಚಿತ್ರದಾಗ ನೋಡಿದಾಕಿ. ಅಂಥವರು ಒಂದು ಸಲ ಆ ನೀರಿನಾಗ ಕಾಲಿಟ್ಟು ನಿಲ್ಲೂದು ಐಷಾರಾಮ ಅಲ್ಲ, ಅವರಿಗೆ ಸಲ್ಲಬೇಕಾದ ಬಾಕಿ. ಹೋಗಲೇಬೇಕು. ಯಾರ ಮೈ ಮ್ಯಾಲ ಹೋಗತೇವಿ ಅನ್ನೂದನ್ನ ಹೊರಡೂ ಮದಲ ಎಣಿಸಿ, ಆ ಭಾರ ಹಂಚಿಕೋಬೇಕು. ಇಷ್ಟ ನನ್ನ ವಾದ.

ಈ ದಾರಿಯೇ ಈ ಪಾಠ ಹೇಳತೈತಿ. ಕರಾಡದಾಗ ಕೊಯ್ನಾ ಬಂದು ಕೃಷ್ಣೆಯನ್ನ ಕೂಡತಾಳ, ಅದಕ್ಕ ಪ್ರೀತಿಸಂಗಮ ಅಂತಾರ. ಕೃಷ್ಣಾ ಅಲ್ಲಿಂದ ಮೂಡಲಕ್ಕ ನಮ್ಮ ಕಡೆ ತಿರುಗತಾಳ. ಆದರ ಕೊಯ್ನಾ ಡ್ಯಾಮಿನ ನೀರಿನಾಗ ದೊಡ್ಡ ಪಾಲು ಗುಡ್ಡದ ಹೊಟ್ಟಿಯ ಸುರಂಗದಿಂದ ಪಡುವಲಕ್ಕ ಇಳಿದು, ಕರೆಂಟು ಹುಟ್ಟಿಸಿ, ಚಿಪಳೂಣದ ವಾಶಿಷ್ಠಿ ನದಿಗೆ ಬಿದ್ದು ಸಮುದ್ರ ಸೇರತೈತಿ. ನಮ್ಮ ಮನಿ ಫ್ಯಾನು ತಿರುಗೂದು ಇಂಥ ಕರೆಂಟಿನಿಂದ. ಮ್ಹೈಸಾಳ ಯೋಜನೆಯವರು ಕೃಷ್ಣೆಯ ನೀರು ಎತ್ತಿ ಜತ್ತ ಕಡೆ ತರೂದೂ ಕರೆಂಟಿನಿಂದ. ಆ ಡ್ಯಾಮಿನ ಹೊಟ್ಟಿಯಾಗ ಮುಳುಗಿದ ಹಳ್ಳಿಗಳ ಮಂದಿ ಊರು ಬಿಟ್ಟು ಹೋದರು. ಇದರಾಗ ಯಾರ ಪಾಲು ಸರಿ, ಯಾರದು ತಪ್ಪು ಅಂತ ತೀರ್ಪು ಕೊಡೂ ದೊಡ್ಡವ ನಾನಲ್ಲ. ಒಬ್ಬರ ತಂಪಿಗೆ ಇನ್ನೊಬ್ಬರ ನೆಲ ಕೂಡೈತಿ ಅನ್ನೂದು ಆ ಘಾಟ ಇಳಿಯೂವಾಗ ನೆನಪಿದ್ದರ ಸಾಕು. ಕೊಂಕಣದಾಗ ಮೂರು ಸಾವಿರ ಮಿಲಿಮೀಟರ್ ಮ್ಯಾಲ ಮಳಿ, ನಮ್ಮಲ್ಲಿ ಐನೂರರ ಆಸುಪಾಸು. ಆದರೂ ಮೇ ತಿಂಗಳು ಅಲ್ಲಿಯ ಗುಡ್ಡದ ವಾಡಿಗಳಿಗೂ ನೀರಿನ ತಾಪತ್ರಯ ಇರತೈತಿ. ಲಾಡ್ಜಿನ ನಳ ತೆರೆದು ಮೂರು ಸಲ ಜಳಕ ಮಾಡೂ ಮುಂದ ಟ್ಯಾಂಕರ್ ಊರಿನ ನಾವೇ ಮರೆತರ ಹ್ಯಾಂಗ?

ಹಿಂದಿನ ವಿಜಯಪುರದ ಬಾದಶಹರ ಕಾಲದಾಗೂ ಈ ಸೀಮಿಗೂ ಸಮುದ್ರಕ್ಕೂ ದಾರಿ ಇತ್ತು. ಗುಹಾಗರದ ಹತ್ತಿರದ ದಾಭೋಳ ಆದಿಲಶಾಹಿಯ ದೊಡ್ಡ ಬಂದರ. ಹೊರದೇಶದ ಕುದುರಿ, ಸರಕು ಘಾಟ ಹತ್ತಿ ಬರತಿದ್ದವು. ದಣಿದು ಬಂದವರಿಗೆ ವಿಜಯಪುರದಾಗ ತಾಜ್ ಬಾವಡಿಯಂಥ ಬಾವಿ, ಬಾವಿಯ ಬದಿಗೆ ಪ್ರಯಾಣಿಕರು ಇಳಕೊಳ್ಳೂ ಕೋಣಿ ಕಟ್ಟಿಸಿದರು. ನಮ್ಮ ಹಳ್ಳಿಯಾಗ ಅರಸರಿಲ್ಲ, ಆದರೂ ಬ್ಯಾಸಗಿ ಬಂತಂದರ ಅರವಟಿಗಿ ಇಟ್ಟು ದಾರಿಹೋಕರಿಗೆ ನೀರು ಕೊಡತಿದ್ದರು. ಯಾರ ಜಾತಿ ಯಾವುದು, ಯಾರು ಮಾಲಕ ಯಾರು ಆಳು ಅಂತ ದಾಹ ಕೇಳೂದಿಲ್ಲ. ಈಗ ನಾವು ಗೋಳಗುಮ್ಮಟದ ಮ್ಯಾಲ ಹತ್ತಿ ಮಾತು ಮಾರುದನಿಸೂದು ಕೇಳಿ ಖುಷಿಪಡೂ ಹೊತ್ತಿನಾಗ ಡ್ರೈವರ ಸಾಮಾನು ಕಾಯಕೋತ ಕಾದ ಗಾಡಿಯಾಗ ಕುಂತಿರತಾನ. ಬಿಸಲಿಗೆ ನಿಲ್ಲಿಸಿದ ಗಾಡಿ ಸ್ವಲ್ಪ ಹೊತ್ತಿಗೇ ಒಲಿ ಆಗತೈತಿ. ಮಕ್ಕಳನ್ನ, ಮುದುಕರನ್ನ ಅದರಾಗ ಬಿಡಬಾರದು ಅಂತ ಎಲ್ಲರೂ ಹೇಳತೇವಿ. ಡ್ರೈವರನೂ ಅದೇ ಮೈಯವ.

ಅಂಕಿ ನೋಡಿಯೂ ಮೋಸ ಹೋಗಬಾರದು. ಸಮುದ್ರದ ದಂಡಿಗೆ 34 ಡಿಗ್ರಿ ಇದ್ದರ ತಂಪು ಅಂತ ತಿಳೀತೇವಿ. ಅಲ್ಲಿ ಗಾಳಿಯಾಗ ನೀರಿನ ಅಂಶ ಜಾಸ್ತಿ, ಬೆವರು ಆರೂದಿಲ್ಲ, ಮೈ ತಂಪಾಗೂದಿಲ್ಲ. ವಿಜಯಪುರ, ಸೊಲ್ಲಾಪುರದಾಗ 42 ಇದ್ದಾಗ ಬೆವರು ಕೂಡಲೇ ಆರತೈತಿ, ಮೈಯಿಂದ ಎಷ್ಟು ನೀರು ಹೋತು ಅಂತ ಗೊತ್ತಾಗೂದಿಲ್ಲ. ಎರಡೂ ಕಡೆ ಬಾಯಾರೂ ಮದಲ ನೀರು, ಉಪ್ಪು ಹಾಕಿದ ಮಜ್ಜಿಗಿ ಬೇಕು.

ಕಡೀಗೆ ಕಟ್ಟಿ ಮ್ಯಾಲ ಆದ ತೀರ್ಮಾನ ಇದು. ಹೊರಡೂ ಹಿಂದಿನ ದಿನದ ಫೇರಿ ಡ್ರೈವರ ಬಿಡಬೇಕು, ಆ ದಿನದ ದುಡಿಮಿ ಮೂರು ಮನಿಯವರು ಹಂಚಿ ಕೊಡಬೇಕು. ಅವ ರಾತ್ರಿ ಎಂಟಕ್ಕ ಮಲಗಬೇಕು, ನಸುಕಿನ ನಾಕಕ್ಕ ಗಾಡಿ ಹೊರಡಬೇಕು. ಎಂಟರ ಆಸುಪಾಸು ಕರಾಡ, ಬಿಸಲು ಏರೂ ಮದಲ ಘಾಟ, ಮಧ್ಯಾಹ್ನಕ್ಕ ಸಮುದ್ರ. ಬುತ್ತಿಗೆ ಎರಡು ದಿನ ಮದಲೇ ಮಾಡಿಟ್ಟ ಕಡಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ನೀರು ತುಂಬೂದು, ಮಕ್ಕಳನ್ನ ಎಬ್ಬಿಸೂದು ಗಂಡಸರ ಕೆಲಸ. ಬರೂವಾಗಲೂ ನಸುಕಿನಾಗ ಹೊರಟು ಊರಿಗೆ ಬಂದು, ಒಂದು ದಿನ ಪೂರ್ತಿ ಗಾಡಿ ನಿಲ್ಲಿಸಿ, ಮರುದಿನ ಸಂಜಿ ಐದರ ಮ್ಯಾಲ ವಿಜಯಪುರ. ಲಾಡ್ಜಿನಾಗ ಡ್ರೈವರಗೂ ಒಂದು ಹಾಸಿಗಿ. ನೆರೆಮನಿಯಾಕಿ ಕುಟುಂಬ ಮುಂದಿನ ಸೂಟಿಗೆ ಹೋಗೂವಾಗ ಅವರ ಕೊಡ, ಅವರ ಎಮ್ಮಿ ನಮ್ಮ ಪಾಲಿಗೆ. ಖರ್ಚು ಸ್ವಲ್ಪ ಏರಿತು, ಸೊಲ್ಲಾಪುರದ ಚಾದರ ಈ ಸಲ ಕೈ ಬಿಟ್ಟಿತು. ಹುಡುಗರು ಇನ್ನೂ ಸ್ವಲ್ಪ ಮುನಿಸಿನಾಗ ಅದಾರ, ಬೆಳಕ ಹರಿಯೂವಾಗ ಸಮುದ್ರ ನೋಡೂ ಆಸೆ ಹೋತು ಅಂತ. ಮರುದಿನ ಎದ್ದು ನೋಡಲಿ, ಅಲ್ಲೇ ಇರತೈತಿ.

ಓದೂ ಮಂದಿಗೆ, ಸಾಲಿ ಟ್ರಿಪ್ಪು ಒಯ್ಯೂ ಮಾಸ್ತರರಿಗೆ ನನ್ನ ವಿನಂತಿ ಇಷ್ಟ. ಗಾಡಿ ಹೇಳೂ ಮುಂದ ಬಾಡಗಿ ಎಷ್ಟು ಅಂತ ಕೇಳತೀರಿ. ಅದರ ಜೋಡಿ 'ಹೊರಡೂ ಹಿಂದಿನ ರಾತ್ರಿ ನಿನಗ ಎಷ್ಟು ತಾಸು ನಿದ್ದಿ ಸಿಗತೈತಿ?' ಅಂತಲೂ ಡ್ರೈವರಗ ಕೇಳ್ರಿ. ಆಮ್ಯಾಲ ಮನಿಗೆ ಹೋಗಿ, ಬುತ್ತಿ ಕಟ್ಟೂವರಿಗೂ, ಹಿಂದ ಉಳಿಯೂವರಿಗೂ ಅವರ ಸವಾಲು ಏನು ಅಂತ ಕೇಳ್ರಿ. ಈ ಮೂರು ಜವಾಬು ಸಿಕ್ಕ ಮ್ಯಾಲ ಹೊರಡೂ ಹೊತ್ತು ನಿಕ್ಕಿ ಮಾಡ್ರಿ. ನನ್ನ ವಾದದಾಗ ಕೊರತಿ ಕಂಡರ ತಿಳಿದವರು ಮುಂದಿನ ಪುಸ್ತಕದಾಗ ಜವಾಬು ಬರೀಬೇಕು, ಹಾಡೂ ಮಂದಿ ಜವಾಬಿಗೆ ಸಿಟ್ಟಾಗೂದಿಲ್ಲ.