ಕಿವುಡು ಕಿವಿಯ ಸದ್ದು ಭ್ರಮೆಯೇ?

ಕಿವುಡರ ಲೋಕ ನಿಶ್ಶಬ್ದವೆಂದು ಕಿವಿ ಕೇಳುವವರ ನಂಬಿಕೆ. ಒಳಕಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗಾಗಿ ಬರುವ ದೊಡ್ಡವರಲ್ಲಿ ಹೆಚ್ಚಿನವರು ಹೇಳುವುದೇ ಬೇರೆ: ಎದುರಿಗಿದ್ದವರ ಮಾತು ಕೇಳಿಸದ ಅದೇ ಕಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಎನ್ನುವ, ಸಿಳ್ಳೆ ಹಾಕುವ, ಒಮ್ಮೊಮ್ಮೆ ಮೊರೆಯುವ ಸದ್ದು. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ಸುಶ್ರುತಸಂಹಿತೆ ಕಿವಿಯ ರೋಗಗಳಲ್ಲಿ ಕರ್ಣನಾದವನ್ನೂ ಬಾಧಿರ್ಯವನ್ನೂ (ಕಿವುಡನ್ನೂ) ಬೇರೆ ಬೇರೆಯಾಗಿ ಎಣಿಸಿದೆ. ಹೊರಗೆ ಏನೂ ಸದ್ದಾಗದೆ ಒಳಗೆ ಕೇಳುವುದನ್ನು ಭ್ರಮೆ ಎಂದುಬಿಡುವುದು ಸುಲಭ. ಆದರೆ ಅದು ತಪ್ಪು ತೀರ್ಪು.

ಒಳಕಿವಿಯಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳಿನ ಶ್ರವಣಮಾರ್ಗ ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ, ನರಕೋಶಗಳು ತಮ್ಮಷ್ಟಕ್ಕೆ ಮಿಡಿಯುವುದೇ ಆಗ ಸದ್ದಾಗಿ ಕೇಳುತ್ತದೆ ಎಂಬುದು ಇಂದು ಹೆಚ್ಚು ಮಂದಿ ಒಪ್ಪುವ ವಿವರಣೆ. ಶ್ರವಣನರದ ಗಡ್ಡೆ ತೆಗೆಯುವಾಗ ಆ ನರವನ್ನೇ ಕತ್ತರಿಸಿದರೂ ಹಲವರಲ್ಲಿ ಸದ್ದು ನಿಲ್ಲುವುದಿಲ್ಲ. ಕಿವಿ ಚೆನ್ನಾಗಿರುವವರೂ ಇದಕ್ಕೆ ಹೊರತಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಅಂಥ 80 ಮಂದಿಯನ್ನು ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿದಾಗ ಶೇ. 94ರಷ್ಟು ಜನ ಏನೋ ಒಂದು ಸದ್ದು ಕೇಳಿತೆಂದರು. ಕೋಣೆಯಲ್ಲಿ ಸದ್ದಿರಲಿಲ್ಲ, ನಿಜ. ಅವರೆಲ್ಲ ಭ್ರಮಿಷ್ಟರೂ ಆಗಿರಲಿಲ್ಲ.

ಭ್ರಮೆಯ ಲಕ್ಷಣವೆಂದರೆ ಸರಿಯಾದ ತಿಳಿವಳಿಕೆ ಅದನ್ನು ಅಳಿಸುವುದು: ಹಗ್ಗವೆಂದು ಗೊತ್ತಾದೊಡನೆ ಹಾವು ಇಲ್ಲವಾಗುತ್ತದೆ. ಟಿನಿಟಸ್ ಹಾಗಲ್ಲ, ಹೊರಗೇನೂ ಇಲ್ಲವೆಂದು ಚೆನ್ನಾಗಿ ಬಲ್ಲವನಿಗೂ ಅದು ಕೇಳುತ್ತಲೇ ಇರುತ್ತದೆ. ಇದಕ್ಕೆ ನಮ್ಮ ದಾರ್ಶನಿಕರಲ್ಲೇ ಒಂದು ಗಟ್ಟಿ ಆಕ್ಷೇಪವಿದೆ. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಾಣುತ್ತದೆ ಎಂಬುದು ಅವರ ಉದಾಹರಣೆ. ಬಿಳಿಯೆಂದು ಗೊತ್ತಿದ್ದರೂ ಹಳದಿ ಹೋಗುವುದಿಲ್ಲ, ಆದರೂ ಅದು ಭ್ರಮೆಯೇ. ಒಪ್ಪೋಣ. ಆದರೆ ಅಲ್ಲಿ ಶಂಖವೊಂದಿದೆ, ಅದರ ಬಣ್ಣದ ಬಗ್ಗೆ ಕಣ್ಣು ತಪ್ಪು ಹೇಳುತ್ತಿದೆ. ಟಿನಿಟಸ್‌ನಲ್ಲಿ ಶಂಖವೇ ಇಲ್ಲ. ‘ಹೊರಗೆ ಸದ್ದಾಗುತ್ತಿದೆ’ ಎಂದು ರೋಗಿ ವಾದಿಸಿದರೆ ಅದನ್ನು ಅಲ್ಲಗಳೆಯಬಹುದು. ‘ನನಗೆ ಕೇಳುತ್ತಿದೆ’ ಎಂದಷ್ಟೇ ಹೇಳಿದರೆ ಅಲ್ಲಗಳೆಯಲು ಏನು ಉಳಿದಿದೆ? ತಲೆನೋವನ್ನು ಯಾರೂ ಭ್ರಮೆ ಎನ್ನುವುದಿಲ್ಲ. ಇದೂ ಆ ಜಾತಿಯದೇ.

ಇಂಪ್ಲಾಂಟ್ ಈ ಪ್ರಶ್ನೆಯನ್ನು ಇನ್ನಷ್ಟು ಮೊನಚಾಗಿಸುತ್ತದೆ. ಕಿವಿಯ ಹಿಂದಿನ ಮೈಕ್ ಹಿಡಿದ ಸದ್ದು ಸಂಕೇತವಾಗಿ ಚರ್ಮದಡಿಯ ಯಂತ್ರಕ್ಕೆ ಹೋಗಿ, ಶಂಖಾಕಾರದ ಒಳಕಿವಿಯಲ್ಲಿ ಸುರುಳಿಯಾಗಿ ಮಲಗಿದ ಎಲೆಕ್ಟ್ರೋಡ್‌ಗಳ ಮೂಲಕ ವಿದ್ಯುತ್ ಮಿಡಿತವಾಗಿ ನೇರ ನರಕ್ಕೆ ತಾಗುತ್ತದೆ. ಕಿವಿಯೆಂದರೆ ಕರ್ಣರಂಧ್ರದೊಳಗಿನ ಆಕಾಶ ಎಂದ ನ್ಯಾಯದರ್ಶನದ ನೈಯಾಯಿಕರಿಗೆ ಇಲ್ಲಿ ತುಸು ಕಷ್ಟ. ಆ ರಂಧ್ರಕ್ಕೆ ಈಗ ಕೆಲಸವೇ ಇಲ್ಲ. ಒಂದು ಕಿವಿ ಪೂರ್ತಿ ಕೆಟ್ಟು, ಅದರಲ್ಲೇ ಟಿನಿಟಸ್ ಕಾಡುತ್ತಿದ್ದವರಿಗೆ ಆಂಟ್‌ವರ್ಪ್‌ನ ವೈದ್ಯರು ಇಂಪ್ಲಾಂಟ್ ಹಾಕಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು: ಹತ್ತರ ಅಳತೆಯಲ್ಲಿ ಸರಾಸರಿ 8.5 ಇದ್ದ ಸದ್ದಿನ ಜೋರು ಎರಡು ವರ್ಷದಲ್ಲಿ 2.5ಕ್ಕೆ ಇಳಿದಿತ್ತು. ಯಂತ್ರ ಆರಿಸಿದರೆ ಮತ್ತೆ ಏರುತ್ತಿತ್ತು. (ಎಲ್ಲರಿಗೂ ಈ ಭಾಗ್ಯವಿಲ್ಲ, ಇಂಪ್ಲಾಂಟ್ ಆದಮೇಲೆ ಸದ್ದು ಹೆಚ್ಚಿದವರೂ, ಹೊಸದಾಗಿ ಶುರುವಾದವರೂ ಇದ್ದಾರೆ.) ಹಾಗಾದರೆ ಇಂಪ್ಲಾಂಟಿನ ಸದ್ದು ನಿಜ, ಟಿನಿಟಸ್ ಸುಳ್ಳು ಎನ್ನಲು ಆಧಾರವೇನು? ಕೇಳುವವನ ಮಟ್ಟಿಗೆ ಎರಡೂ ನರಗಳ ಮಿಡಿತವೇ. ಜ್ಞಾನದ ಸಾಚಾತನ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಲ್ಲಿದೆ ಎಂದ, ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಮಾತು ಇಲ್ಲಿ ನೆರವಿಗೆ ಬರುತ್ತದೆ. ಯಂತ್ರದಲ್ಲಿ ಕೇಳಿದ ಕರೆಗೆ ತಿರುಗಿ ನೋಡಿದರೆ ಕರೆದವರು ಸಿಗುತ್ತಾರೆ. ಗುಂಯ್ ಸದ್ದು ಯಾರನ್ನೂ ತೋರಿಸುವುದಿಲ್ಲ. ಆದರೆ ತೋರಿಸುತ್ತೇನೆಂದು ಅದು ಹೇಳಿಯೂ ಇಲ್ಲ.

ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶ ಒಳಗಿನ ನಾದಗಳನ್ನೇ ಸಾಧನೆಯ ದಾರಿಯಾಗಿ ಹೇಳುತ್ತದಲ್ಲ, ಹಾಗಾದರೆ ಟಿನಿಟಸ್ ಕೂಡ ಯೋಗಿಗಳು ಹೇಳುವ, ಹೊಡೆಯದೆಯೇ ಹುಟ್ಟುವ ಅನಾಹತನಾದವೇಕಾಗಬಾರದು ಎಂದು ಕೇಳುವವರಿದ್ದಾರೆ. ಯೋಗಿ ತಾನಾಗಿ ಕಿವಿ ಮುಚ್ಚಿಕೊಳ್ಳುತ್ತಾನೆ, ಬೇಕಾದಾಗ ಕೈ ತೆಗೆಯುತ್ತಾನೆ. ಟಿನಿಟಸ್‌ನಿಂದ ನಿದ್ದೆಗೆಟ್ಟವನಿಗೆ ಆ ಅನುಕೂಲವಿಲ್ಲ. ಅವನ ನರಳಾಟಕ್ಕೆ ಅಧ್ಯಾತ್ಮದ ಹೆಸರಿಡುವುದು ಭ್ರಮೆ ಎನ್ನುವಷ್ಟೇ ಉಡಾಫೆ. ಕೊನೆಗೆ ಉಳಿಯುವುದು ಅವನ ಮಾತೇ: ಆಂಟ್‌ವರ್ಪ್‌ನ ಆ 8.5 ಕೂಡ ಯಾವ ಮೀಟರೂ ಅಳೆದದ್ದಲ್ಲ, ರೋಗಿಗಳೇ ಕೊಟ್ಟ ಅಂಕ. ಅವರು ಹೆಚ್ಚಿಸಿ ಹೇಳಿರಬಹುದಲ್ಲ ಎಂದರೆ, ಹೇಳಿರಬಹುದು. ಆದರೆ ಚಿಕಿತ್ಸೆ ಫಲಿಸಿತೆಂದು ಆ ಮಾತನ್ನು ನಂಬುವ ವೈದ್ಯಶಾಸ್ತ್ರ, ರೋಗವಿದೆ ಎಂದಾಗ ಮಾತ್ರ ನಂಬೆನೆನ್ನಲಾಗದು.